ಡ್ರೈವರನ ಬಾಗಿಲು

ಚಪ್ಪಲಿ ಹೊರಗೇ ಬಿಡಬೇಕಂತೆ, ದರ್ಗಾಕ್ಕೆ ಬಂದ ಹಾಗೆ, ಕಂಪ್ಯೂಟರ್ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ್ದಾನೆ, ಒಳಗೆ ಕಾಲಿಟ್ಟರೆ ನೆಲ ತಣ್ಣಗೆ, ಕಿಟಕಿಗೆಲ್ಲ ಕಪ್ಪು ಕಾಗದ, ಊದುಬತ್ತಿಯ ವಾಸನೆ, ಅದರಡಿಯಲ್ಲಿ ಇನ್ನೊಂದು ವಾಸನೆ, ಬಿಸಿಯಾದ ತಂತಿಯದೋ ಧೂಳಿನದೋ — ಇದು ನನಗೆ ಗೊತ್ತಿರುವ ವಾಸನೆ, ಭಾನುವಾರ ಸಂಜೆ ಆಸಿಮ್ ದಾವಣಗೆರೆಯಿಂದ ಹರಿಹರಕ್ಕೆ ಬಂದು ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿದರೆ ಅಂಗಿಯಿಂದ ಇದೇ ಬರುತ್ತಿತ್ತು, ಏನೋ ಇದು ಕಮಟು ಅಂದರೆ, ಕಂಪ್ಯೂಟರ್ ವಾಸನೆ ಅಮ್ಮಿ ಎಂದು ನಗುತ್ತಿದ್ದ, ಆ ಅಂಗಿ ಈಗಲೂ ಮೊಳೆಯ ಮೇಲೇ ಇದೆ, ವಾಸನೆ ಮಾತ್ರ ಎಂದೋ ಹಾರಿಹೋಯಿತು, ಹೋಯಿತು ಅಂದುಕೊಂಡದ್ದು ಇಲ್ಲಿ ಬಂದು ಕೂತಿದೆ. ಬರ್ರಿ ಅಮ್ಮ, ಕೂಡ್ರಿ, ಅನ್ನುತ್ತಾನೆ ಕೊಟ್ಟೂರೇಶ್, ಕುರ್ಚಿಯನ್ನು ಅಂಗೈಯಿಂದ ಒರೆಸಿ ಮುಂದೆ ತಳ್ಳುತ್ತಾನೆ, ಕುರ್ಚಿ ತಿರುಗುತ್ತದೆ, ಜಾರಿಬಿಟ್ಟರೆ ಎಂದು ಮೇಜಿನ ಅಂಚು ಹಿಡಿದುಕೊಂಡೆ, ಇದೇ ಕುರ್ಚಿಯೇನೋ ಅವನು ಕೂರುತ್ತಿದ್ದದ್ದು, ಕೇಳಲಿಲ್ಲ, ಕೇಳಿದರೆ ಈ ಹುಡುಗ ಅತ್ತುಬಿಡುತ್ತಾನೆ, ಆಗಲೇ ಮೂಗು ಕೆಂಪಾಗಿದೆ. ಹುಡುಗ ಎಂದರೆ ಹುಡುಗನೇ, ಆಸಿಮನ ವಾರಿಗೆಯವನು, ಇಬ್ಬರೂ ಒಟ್ಟಿಗೆ ಡಿಪ್ಲೊಮಾ ಓದಿದರು, ನನ್ನವನು ಹರಿಹರದ ಲೇತ್ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ, ಇವನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ತನ್ನ ತಾತ ಎಮ್ಮೆ ಕಟ್ಟುತ್ತಿದ್ದ ಜಾಗಕ್ಕೆ ಗಿಲಾವು ಮಾಡಿಸಿ ಕಂಪ್ಯೂಟರ್ ಇಟ್ಟ, ಲಗ್ನಪತ್ರಿಕೆ, ಜಾತಕ, ಟೈಪಿಂಗು, ಈಗ ಇಂಟರ್ನೆಟ್ಟು. ಆಸಿಮ್ ಹೋದಮೇಲೆ ಇವನಿಗೆ ನಾನು ಮುಖ ಕೊಟ್ಟಿರಲಿಲ್ಲ, ಇವನ ಅಂಗಡಿಯಿಂದ ಎದ್ದು ಬರುವಾಗಲೇ ತಾನೆ ಆದದ್ದು, ಕಳೆದ ವಾರ ಇವನೇ ನಮ್ಮ ಹೊಳೆದಂಡೆಯ ಓಣಿಗೆ ಬಂದ, ಹೊಸ್ತಿಲು ದಾಟದೆ ನಿಂತ, ಅಮ್ಮ, ಆಸಿಮ್ ಕೇಳಿದ್ದ ಟ್ಯಾಂಕ್ ಬಂದೈತ್ರಿ, ಆಟದಾಗ ಹಾಕ್ಯಾರ, ನೀವೊಂದ್ಸಲ ನೋಡ್ಬೇಕು, ಬ್ಯಾಡ ಅನ್ಬ್ಯಾಡ್ರಿ. ನಾನು ಬ್ಯಾಡ ಅನ್ನಲಿಲ್ಲ, ಬರ್ತೀನಿ ಅಂತಲೂ ಅನ್ನಲಿಲ್ಲ, ಇವತ್ತು ಬೆಳಿಗ್ಗೆ ಬುರ್ಖಾ ಹಾಕಿಕೊಂಡು ಬಸ್ಸು ಹತ್ತಿದೆ, ಹೆದ್ದಾರಿಯಲ್ಲಿ ಆ ಜಾಗ ಬರುವ ಮೊದಲೇ ಕಣ್ಣು ಮುಚ್ಚಿದೆ, ಆದರೆ ಎಲ್ಲಿಯವರೆಗೆ ಮುಚ್ಚಬೇಕು ಎಂದು ಗೊತ್ತಾಗದೆ ದಾವಣಗೆರೆಯ ಬಸ್ ನಿಲ್ದಾಣದವರೆಗೂ ಮುಚ್ಚಿಕೊಂಡೇ ಕೂತಿದ್ದೆ, ಪಕ್ಕದ ಹೆಂಗಸು ಯಾಕ್ರಿ, ತಲಿ ತಿರುಗ್ತೈತೇನ್ರಿ ಎಂದು ನಿಂಬೆಹಣ್ಣು ಕೊಟ್ಟಳು, ಅದು ಇನ್ನೂ ನನ್ನ ಮುಷ್ಟಿಯಲ್ಲಿದೆ, ಬೆವರಿನಲ್ಲಿ ನೆಂದಿದೆ.

ಫೋನಿನ ತಂತಿ ಕಿತ್ತು ಇನ್ನೊಂದು ಪೆಟ್ಟಿಗೆಗೆ ಚುಚ್ಚುತ್ತಾನೆ, ಪೆಟ್ಟಿಗೆ ಕಿರ್ರೆನ್ನುತ್ತದೆ, ಕೊಯ್ಯೆನ್ನುತ್ತದೆ, ಹಾಲು ಸಿಗದ ಕೂಸಿನ ಹಾಗೆ ರಚ್ಚೆ ಹಿಡಿದು ಸುಮ್ಮನಾಗುತ್ತದೆ, ಲೈನ್ ಸಿಗವಲ್ದು, ತಡೀರಿ ಅಮ್ಮ, ಮತ್ತೆ ಹಚ್ಚುತ್ತಾನೆ. ಈ ತಂತಿಯೊಳಗಿಂದಲೇ ಪ್ರಪಂಚದವರೆಲ್ಲ ಬರುತ್ತಾರಂತೆ, ಒಬ್ಬೊಬ್ಬರು ತಮ್ಮ ತಮ್ಮ ಮನೆಯಲ್ಲಿ ಕೂತು ಒಂದೊಂದು ಟ್ಯಾಂಕ್ ಹಿಡಿದು ಒಂದೇ ಬಯಲಿಗೆ ಇಳಿಯುತ್ತಾರಂತೆ, ಹೊಡೆದಾಡುತ್ತಾರಂತೆ, ಯಾವುದೋ ತಣ್ಣನೆಯ ದೇಶದ ಮೂರು ನಾಲ್ಕು ಜನ ಗೆಳೆಯರು ಸೇರಿ ಕಟ್ಟಿದ ಆಟ, ಆಸಿಮನಿಗೆ ಹುಚ್ಚು, ಮಾತು ತೆಗೆದರೆ ಅದೇ. ಒಂದು ದಿನ ಊಟಕ್ಕೆ ಕೊಟ್ಟೂರೇಶನನ್ನೂ ಕರೆದುಕೊಂಡು ಬಂದ, ಅಮ್ಮಿ, ಆಟದೋರು ಕೇಳ್ಯಾರ, ಹಳೇ ಕಾಲದ ಖರೇ ಟ್ಯಾಂಕ್ ಯಾವ್ಯಾವು ಹಾಕ್ಬೇಕು ಹೇಳ್ರಿ ಅಂತ, ಈಗ ಬರೇ ಜರ್ಮನಿದು, ರಷ್ಯಾದು, ಅಮೆರಿಕಾದು ಅದಾವ, ನಮ್ ಕಡೆ ಯುದ್ಧ ಆಗಿದ್ದೇ ಅವರಿಗೆ ಗೊತ್ತಿಲ್ಲ. ಇಬ್ಬರೂ ರೊಟ್ಟಿ ಮುರಿಯುತ್ತ ಜಗಳ, ಕೊಟ್ಟೂರೇಶನಿಗೆ ನೀರಿನ ಮೇಲೆ ತೇಲುವ ಟ್ಯಾಂಕು ಬೇಕು, ಎಪ್ಪತ್ತೊಂದರಾಗ ಬಂಗಾಳದ ಹೊಳಿ ದಾಟಿದ್ದು ಅದಾ ಕಣಲೇ, ತೇಲೋದು ಯಾರ್ಹತ್ರನೂ ಇರಂಗಿಲ್ಲ, ಆಸಿಮನಿಗೆ ವಿಜಯಂತ ಬೇಕು, ಮದ್ರಾಸ್ ಹತ್ರ ನಮ್ ದೇಶದಾಗ ಕಟ್ಟಿದ್ದು, ಅದಿಲ್ದಿದ್ರ ಹೆಂಗೆ, ಆಮೇಲೆ ಷರ್ಮನ್ನು, ಆಮೇಲೆ ಫ್ರಾನ್ಸಿನ ಒಂದು ಕುಳ್ಳ ಟ್ಯಾಂಕು, ಅದರ ತಲೆಯೇ ತೊಟ್ಟಿಲಿನ ಹಾಗೆ ಮೇಲೆ ಕೆಳಗೆ ತೂಗುತ್ತದಂತೆ, ತೂಕ ಎಷ್ಟು, ಎತ್ತರ ಎಷ್ಟು, ಯಾವ ಊರಲ್ಲಿ ಹುಟ್ಟಿದ್ದು, ಎಷ್ಟು ಯುದ್ಧ ಕಂಡಿದ್ದು, ನನಗೆ ನಗು, ಏನ್ರೋ ಹೆಣ್ಣು ನೋಡಕ್ಕೆ ಹೊಂಟೀರೇನು, ಮೊದ್ಲು ನಿನಗೊಂದು ನೋಡೋಣ ಅಂದೆ, ಕೊಟ್ಟೂರೇಶ್ ನಕ್ಕು ಕೆಮ್ಮಿದ, ನೀರು ಕೊಟ್ಟೆ. ಆಸಿಮ್ ನಗಲಿಲ್ಲ, ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟ, ಅಬ್ಬಾನ ಟ್ಯಾಂಕ್ ಹಾಕ್ಸೋಣ, ಅಂದ. ಗೋಡೆಯ ಫೋಟೊ ನೋಡಿದ, ಅದು ಸೆಂಚುರಿಯನ್ ಅಲ್ಲೇನು ಅಮ್ಮಿ, ಇಂಗ್ಲೆಂಡಿಂದು, ಅದನ್ನ ಹಾಕ್ಸಿದ್ರ ನಾನಾ ಓಡಿಸ್ಬೋದು, ಅಬ್ಬಾ ಓಡಿಸಿದ್ದ ಟ್ಯಾಂಕ್ ನಾನು. ಸುಟ್ಟುಹೋದ್ರೆ, ಅಂದೆ, ಆಟದಾಗ ಸುಟ್ರೆ ಏನಾಗ್ತೈತಪ್ಪ, ಅವನು ಹಗುರಾಗಿ, ಏನಾಗಂಗಿಲ್ಲ ಅಮ್ಮಿ, ಕಣ್ಣು ಮುಚ್ಚಿ ತೆಗೆಯದ್ರಾಗ ಮತ್ತ ಮೊದ್ಲಿನ ಜಾಗದಾಗ ಬಂದು ನಿಂತಿರ್ತೈತೆ, ಹೊಸಾದು. ಮೊದಲಿನ ಜಾಗದಲ್ಲಿ, ಹೊಸದಾಗಿ, ಏನೂ ಆಗದ ಹಾಗೆ, ಎಂಥ ಆಟ ಕಟ್ಟಿದ್ದಾರೆ ಅವರು, ಅವರ ತಣ್ಣನೆಯ ದೇಶದಲ್ಲಿ ಕೂತು.

ಆ ಫೋಟೊದಲ್ಲಿ ಹುಸೇನರದು ತಲೆ ಮಾತ್ರ, ಅವರ ಮೈಯೆಲ್ಲ ಕಬ್ಬಿಣದ ಒಳಗೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದಾರೆ, ತಲೆಯ ಎರಡೂ ಬದಿಗೆ ಬಾಗಿಲಿನ ಎರಡು ರೆಕ್ಕೆ ತೆರೆದು ನಿಂತಿವೆ. ನನ್ನ ಗಂಡ ಟ್ಯಾಂಕ್ ಡ್ರೈವರ್ ಎಂದರೆ ಓಣಿಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಅತ್ತೆ ಜೈನಾಬಿಗಂತೂ ಟ್ಯಾಂಕೆಂದರೆ ನೀರಿನ ಟ್ಯಾಂಕೇ, ನಮ್ಮ ಹುಸೇನಿ ಮಿಲಿಟ್ರಿಯೋರಿಗೆಲ್ಲ ನೀರು ಬಿಡ್ತಾನೆ, ಸವಾಬಿನ ಕೆಲಸ, ಪುಣ್ಯದ್ದು, ಎಂದು ನಲ್ಲಿಯ ಹತ್ತಿರ ಹೇಳಿಕೊಂಡು ಬರುತ್ತಿದ್ದರು, ನಾವಿಬ್ಬರೂ ಕೋಣೆಯೊಳಗೆ ಬಾಯಿಗೆ ಸೆರಗು ತುರುಕಿ ನಗುತ್ತಿದ್ದೆವು, ಹೇಳಬ್ಯಾಡ, ಹಂಗೇ ಅಂದ್ಕಂಡಿರ್ಲಿ, ನೀರು ಅಂದ್ರ ನಿದ್ದಿ ಬರ್ತೈತೆ ಅವ್ವಗೆ, ಅನ್ನುತ್ತಿದ್ದರು. ಸೇನೆಗೆ ಸೇರುವ ಮೊದಲು ತಮ್ಮೂರು ಸಾರಥಿಯ ಗೌಡರ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದರು, ಯಂತ್ರ ಎಂದರೆ ಪ್ರಾಣ, ರಜೆಗೆ ಬಂದಾಗ ಒಂದು ಮಧ್ಯಾಹ್ನ ನನಗೆ ಟ್ಯಾಂಕ್ ತೋರಿಸಿದರು, ಅಡುಗೆಮನೆಯಲ್ಲೇ, ಕೂರುವ ಮಣೆ ಇಟ್ಟರು, ಇದು ಮೈ, ಬೋಗುಣಿ ಬೋರಲು ಹಾಕಿದರು, ಇದು ಗುಮ್ಮಟ, ಇದರೊಳಗ ಮೂರು ಮಂದಿ, ಬೋಗುಣಿಯ ಕೆಳಗೆ ಸೌಟಿನ ಹಿಡಿ ಸಿಕ್ಕಿಸಿದರು, ಇದು ತೋಪಿನ ನಳಿಗೆ, ಆಮೇಲೆ ಡಬ್ಬಿಯಿಂದ ಒಂದು ಲವಂಗ ತೆಗೆದು ಮಣೆಯ ಮುಂದೆ ಬಲಗಡೆ ಇಟ್ಟರು, ಇದು ನಾನು, ಒಬ್ಬನೇ, ಬ್ಯಾರೆ ಕೋಣಿ, ಬ್ಯಾರೆ ಬಾಗಿಲು. ಎಲ್ಲರಕಿಂತ ಮುಂದಾ, ಅಂದೆ, ಮತ್ತೆ, ಹಾದಿ ನೋಡೋನು ಮುಂದಾ ಇರ್ಬೇಕಲ್ಲ, ಅಂದರು, ಬೋಗುಣಿಯನ್ನು ಗರಗರ ತಿರುಗಿಸಿದರು, ಸೌಟು ಸುತ್ತು ಹಾಕಿತು, ಲವಂಗದ ಮೇಲಿಂದ ಹಾಯ್ದುಹೋಯಿತು, ನಾನು ಅವರ ಕೈ ನೋಡುತ್ತಿದ್ದೆ, ಅಂಗೈಯಲ್ಲಿ ಗ್ರೀಸು ಎಷ್ಟು ತೊಳೆದರೂ ಹೋಗದ ಗೆರೆಗಳು, ಆ ಕೈಯನ್ನೇ ನೋಡುತ್ತಿದ್ದೆ, ಸೌಟು ಎಲ್ಲಿ ಹಾಯುತ್ತದೆ ಎಂದು ಯಾರು ನೋಡುತ್ತಾರೆ, ಮದುವೆಯಾಗಿ ವರ್ಷ ತುಂಬದ ಹುಡುಗಿ, ಅತ್ತೆ ಹೊರಗೆ ಅಕ್ಕಿ ಕೇರುತ್ತಿದ್ದಾರೆ, ಕೇರುವ ಸದ್ದು, ಲವಂಗದ ವಾಸನೆ, ಅದೇ ಲವಂಗ ಬಾಯಿಗೆ ಹಾಕಿಕೊಂಡು ಎದ್ದುಹೋದರು.

ಕಿರ್ರ್ — ಸಿಕ್ತು ಅಮ್ಮ, ಸಿಕ್ತು, ಈಗ ಬರ್ತೈತೆ, ಸ್ವಲ್ಪ ನಿಧಾನ. ಪರದೆ ನೀಲಿಯಾಗಿ ಹಾಗೇ ಇದೆ, ಯಾವುದೂ ಬರುವುದಿಲ್ಲ, ಕಾಯುವುದು ನನಗೇನು ಹೊಸದಲ್ಲ ಬಿಡು. ಎಪ್ಪತ್ತೊಂದರ ಯುದ್ಧದ ಆ ಡಿಸೆಂಬರಿನಲ್ಲಿ ತಂತಿ ಬಂದಾಗ ಆಸಿಮ್ ಹೊಟ್ಟೆಯಲ್ಲಿ ಆರು ತಿಂಗಳು, ತಂತಿ ಬಂತು, ಆಮೇಲೆ ಒಂದು ಟ್ರಂಕು ಬಂತು, ಅವರು ಬರಲಿಲ್ಲ, ಈ ಬೇಸಿಗೆಯಲ್ಲಿ ಟೀವಿ ಹಚ್ಚಿದರೆ ಕಾರ್ಗಿಲ್ಲಿನಿಂದ ಊರೂರಿಗೆ ಪೆಟ್ಟಿಗೆ ಬರುತ್ತಿದ್ದವು, ಬಾವುಟ ಹೊದಿಸಿ, ಜನ ಸಾಲುಗಟ್ಟಿ, ನಾನು ಆ ಹೆಂಡತಿಯರನ್ನು ನೋಡುತ್ತ ಅಂದುಕೊಂಡೆ, ಪುಣ್ಯವಂತೆಯರು, ಕೈಯಿಟ್ಟು ಮುಟ್ಟಲು ಪೆಟ್ಟಿಗೆಯಾದರೂ ಇದೆ, ನಮ್ಮ ಕಾಲದಲ್ಲಿ ಅಲ್ಲಲ್ಲೇ ಮಣ್ಣು ಮಾಡುತ್ತಿದ್ದರು, ಅವರನ್ನು ಎಲ್ಲಿ ಮಾಡಿದರೋ. ಕೂಸಿಗೆ ಇನ್ನೂ ಕತ್ತು ನಿಂತಿರಲಿಲ್ಲ, ಆಗ ಅಜ್ಜಪ್ಪ ಬಂದರು, ಕೊಕ್ಕನೂರಿನವರು, ಅದೇ ಟ್ಯಾಂಕಿನಲ್ಲಿ ತೋಪು ಹಾರಿಸುತ್ತಿದ್ದವರು, ಒಂದೇ ತಾಲ್ಲೂಕಿನವರು ಎಂದು ಇಬ್ಬರಿಗೂ ಜೀವ, ಅಂಗಳದಲ್ಲಿ ಕೂತರು, ಚಹಾ ಕೊಟ್ಟರೆ ಬಟ್ಟಲನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದರು, ಅಂಗೈ ಎರಡೂ ಸುಟ್ಟು ಸುಕ್ಕುಗಟ್ಟಿ ಹಕ್ಕಿಯ ಕಾಲಿನ ಹಾಗಾಗಿದ್ದವು, ಅದು ನೋಡಿದಮೇಲೆ ಕೇಳದೆ ಹೇಗಿರಲಿ. ಹೆಂಗಾತು ಅಣ್ಣಾರೆ, ಕೇಳಬ್ಯಾಡ ತಂಗಿ, ಇಲ್ರಿ, ಹೇಳ್ರಿ, ನನಗ ಯಾರೂ ಹೇಳವಲ್ರು, ಬ್ಯಾಡ ಬೇ, ಕೂಸಿಗೆ ಹಾಲು ಕುಡಿಸೋಳು, ಹೇಳ್ರಿ ಅಣ್ಣಾರೆ ನಿಮ್ ಕಾಲಿಗೆ ಬೀಳ್ತೀನಿ. ಆಗ ಅವರು ನೆಲ ನೋಡುತ್ತ ಹೇಳಿದರು, ಗುಮ್ಮಟಕ್ಕ ಏಟು ಬಿತ್ತು, ಅದು ತಿರುಗದಂಗಾತು, ನಳಿಗಿ ಸೀದಾ ಹುಸೇನಿ ಬಾಗಿಲ ಮ್ಯಾಲೆ ಬಂದು ನಿಂತಿತ್ತು, ಹಿಂದ ಬೆಂಕಿ ಹತ್ತಿತ್ತು, ನಾವು ಮ್ಯಾಲಿಂದ ಹಾರಿದ್ವಿ, ಅವನ ಬಾಗಿಲು ಇಷ್ಟಾ ಇಷ್ಟು ಎದ್ದು ನಳಿಗಿಗೆ ಬಡದು ನಿಂತ್ಬಿಡ್ತು, ನಾನು ತಿರುಗಿ ಹತ್ತಿದೆ ತಂಗಿ, ಆಣಿ ಮಾಡಿ ಹೇಳ್ತೀನಿ, ಹತ್ತಿದೆ, ಎಳದೆ, ಆ ಸಂದಿಯಾಗ ನಾಕು ಬೆರಳು ಹೊರಗ ಬಂದಿದ್ವು, ಹಿಡಕಂಡೆ, ಅವನೂ ಹಿಡಕಂಡ, ಹಿಡಕಂಡಾ ಇದ್ದ. ಸಾಕು, ಅಂದೆನೋ, ಅನ್ನಲಿಲ್ಲವೋ, ಕೂಸು ಅಳತೊಡಗಿತು, ಮೊಲೆಗೆ ಹಾಕಿಕೊಂಡೆ, ಅದರ ಕೈ ನನ್ನ ರವಿಕೆಯ ಅಂಚಿನಿಂದ ಹೊರಗೆ ಬಂದಿತ್ತು, ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಹೊರಗೆ, ನಾನು ಆ ಕೈಯನ್ನು ಬಟ್ಟೆಯೊಳಗೆ ಮುಚ್ಚಿದೆ. ಅವತ್ತೇ ನಾವಿಬ್ಬರೂ ಮಾತು ಮಾಡಿಕೊಂಡೆವು, ಅಣ್ಣಾರೆ, ಈ ಕೂಸಿಗೆ ಯಾವತ್ತೂ ಹೇಳಬ್ಯಾಡ್ರಿ, ಇಲ್ಲವ್ವ, ಒಂದೇ ಏಟಿಗೆ ಹೋದ, ನೋವು ಅನ್ನೋದಾ ಗೊತ್ತಾಗ್ಲಿಲ್ಲ, ಹಂಗಂತನೇ ಹೇಳಾಣ. ಹಾಗೆಂದೇ ಹೇಳಿ ಬೆಳೆಸಿದೆ, ಶಾಲೆಯಲ್ಲಿ ಯಾರಾದರೂ ಕೇಳಿದರೆ ನನ್ನ ಕೂಸು ಬೆನ್ನು ನೆಟ್ಟಗೆ ಮಾಡಿ, ನಮ್ಮ ಅಬ್ಬಾಗೆ ಒಂಚೂರೂ ನೋವಾಗಲಿಲ್ಲ ಅನ್ನುತ್ತಿತ್ತು, ಬಹುಮಾನ ತೆಗೆದುಕೊಂಡವನ ಹಾಗೆ, ನಾನು ಬಟ್ಟೆ ಹೊಲಿಯುತ್ತ ಯಂತ್ರದ ಸದ್ದು ಜೋರು ಮಾಡುತ್ತಿದ್ದೆ.

ಆ ಟ್ಯಾಂಕಿನ ನಕ್ಷೆ ಬರೆಯಬೇಕು, ಆಟದವರು ನಕ್ಷೆ ಕೇಳುತ್ತಾರೆ ಎಂದು ಆಸಿಮ್ ಹೊರಟಿದ್ದು ಕೊಕ್ಕನೂರಿಗೇ, ರಂಜಾನಿಗೆ ಸ್ವಲ್ಪ ಮೊದಲು, ಅಜ್ಜಪ್ಪನೋರು ಒಳಗ ಕೂತಿದ್ದೋರು ಅಮ್ಮಿ, ಅವರಿಗಿಂತ ಚಲೋ ಯಾರು ಹೇಳ್ತಾರ, ಪೆನ್ಸಿಲ್ಲು ಹಾಳೆ ಸುತ್ತಿಕೊಂಡು ಬೈಕ್ ಹತ್ತಿದ, ಬ್ಯಾಡ ಅನ್ನಲು ನನ್ನ ಬಳಿ ಕಾರಣ ಎಲ್ಲಿತ್ತು, ಇಡೀ ದಿನ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತೆ, ಅಜ್ಜಪ್ಪ ಮಾತಿಗೆ ತಪ್ಪುವವರಲ್ಲ, ತಪ್ಪುವವರಲ್ಲ, ಅಂದುಕೊಳ್ಳುತ್ತ. ಬಂದ, ಗಾಡಿ ನಿಲ್ಲಿಸಿದ, ಒಳಗೆ ಬರದೆ ನಲ್ಲಿಯ ಹತ್ತಿರ ಕೈ ತೊಳೆದ, ತೊಳೆದ, ಎಷ್ಟು ಹೊತ್ತು ತೊಳೆದ, ಏನಂದ್ರಪ್ಪ ಅಜ್ಜಪ್ಪನೋರು, ಏನಿಲ್ಲ ಅಮ್ಮಿ, ಅಬ್ಬಾ ಭಾಳ ನಾಜೂಕಾಗಿ ಓಡಿಸ್ತಿದ್ನಂತೆ, ಹಳ್ಳಕ್ಕ ಇಳಿಸಿದ್ರೂ ಒಳಗಿದ್ದೋರ ಚಾ ತುಳುಕ್ತಿರ್ಲಿಲ್ಲಂತೆ, ಎಲ್ರೂ ಸಾರಥಿ ಸಾರಥಿ ಅಂತಿದ್ರಂತೆ, ಊರ ಹೆಸರೂ ಅದಾ, ಕೆಲಸನೂ ಅದಾ ಅಂತ. ನಕ್ಕ, ನಾನೂ ನಕ್ಕೆ, ಉಸಿರು ಬಂತು ನನಗೆ. ಆಮೇಲೆ ಊಟಕ್ಕೆ ಕೂತವನು ಉಣ್ಣಲಿಲ್ಲ, ನನ್ನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೆ ಒಂದೊಂದೇ ಬೆರಳಿನ ಲಟಿಕೆ ಮುರಿದ, ಅಮ್ಮಿ, ಅಬ್ಬಾಗೆ ನೋವಾಗ್ಲಿಲ್ಲ ಅಲ್ಲೇನು, ಇಲ್ಲಪ್ಪ, ಒಂದೇ ಏಟಿಗೆ, ಗೊತ್ತೇ ಆಗ್ಲಿಲ್ಲ ಅವರಿಗೆ, ಹೌದು, ಅಜ್ಜಪ್ಪನೋರೂ ಹಂಗಾ ಅಂದ್ರು, ಅಂದ, ನನ್ನ ಬೆರಳುಗಳನ್ನು ಬಿಡಲಿಲ್ಲ, ಸೊಪ್ಪಿನ ಸಾರು ಆರಿತು, ಬಿಸಿ ಮಾಡ್ತೀನಿ ಬಿಡೋ ಅಂದರೂ ಬಿಡಲಿಲ್ಲ. ಅವತ್ತಿನಿಂದ ನಕ್ಷೆ, ಕಾರ್ಖಾನೆಯಿಂದ ಬಂದವನೇ ಹಲಗೆಯ ಮುಂದೆ, ಚಕ್ರ, ಸರಪಳಿ, ದೀಪ, ಒಂದೊಂದು ತಿರುಪು ಕೂಡ, ಚಹಾ ತಂದರೆ ತೋರಿಸುತ್ತಿದ್ದ, ನೋಡು ಅಮ್ಮಿ, ಇದು ಸರಪಳಿ ಮುಚ್ಚೋ ತಗಡು, ಎಲ್ಲ ತೋರಿಸುತ್ತಿದ್ದ, ಮುಂದಿನ ಬಲಗಡೆಯ ಮೂಲೆಯ ಮೇಲೆ ಮಾತ್ರ ಯಾವಾಗಲೂ ಅವನ ಕೈ ಇರುತ್ತಿತ್ತು, ಕೈ ಊರಿ ಕೂತಿದ್ದಾನೆ ಅಂದುಕೊಂಡಿದ್ದೆ. ಈದ್ ಮುಗಿಯಿತು, ಕಬ್ಬು ಕಡಿಯುವ ಕಾಲ ಬಂತು, ಆ ಭಾನುವಾರ ದಾವಣಗೆರೆಗೆ ಹೋದವನು ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊರಟನಂತೆ, ಊಟ ಮಾಡ್ಕಂಡು ಹೋಗಲೇ ಅಂದನಂತೆ ಕೊಟ್ಟೂರೇಶ್, ಇಲ್ಲ, ಅಮ್ಮಿ ಕಾಯ್ತಿರ್ತಾಳ ಅಂದನಂತೆ, ಹೆದ್ದಾರಿಯಲ್ಲಿ ಕಬ್ಬಿನ ಟ್ರೇಲರ್ ಕೆಟ್ಟು ನಿಂತಿತ್ತು, ಹಿಂದೆ ದೀಪವಿಲ್ಲ, ಕೆಂಪು ಬಟ್ಟೆಯಿಲ್ಲ, ಏನಿಲ್ಲ. ನಾನು ಕಾಯುತ್ತಿದ್ದೆ, ನಿಜ, ರೊಟ್ಟಿ ಬಡಿದು ಬಟ್ಟೆ ಮುಚ್ಚಿ ಕಾಯುತ್ತಿದ್ದೆ. ಒಂದೇ ಏಟಿಗೆ ಅಮ್ಮ, ನೋವು ಗೊತ್ತಾಗಿರಂಗಿಲ್ಲ, ಎಂದು ಯಾರೋ ಬಂದು ಹೇಳಿದರು, ನನಗೆ, ಆ ಮಾತನ್ನು, ನನ್ನದೇ ಮಾತನ್ನು, ಹೇಳಿದವರ ಮುಖವನ್ನೇ ನೋಡಿದೆ, ನಂಬಬೇಕೋ ಬೇಡವೋ ಗೊತ್ತಾಗಲಿಲ್ಲ, ಅವರ ಕೈ ನೋಡಿದೆ, ಸುಟ್ಟಿರಲಿಲ್ಲ. ಹೆಂಗಸರು ಕಬರಸ್ತಾನಕ್ಕೆ ಹೋಗುವಂತಿಲ್ಲ, ಬಾಗಿಲವರೆಗೆ ಬಂದೆ, ಓಣಿಯ ತಿರುವಿನಲ್ಲಿ ಗಂಡಸರ ಹೆಗಲುಗಳು, ಅಷ್ಟೇ.

ಬಂತ್ರಿ ಅಮ್ಮ, ನೋಡ್ರಿ. ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯುತ್ತಿದೆ, ಮೊದಲು ಆಕಾಶ, ಆಮೇಲೆ ಒಂದು ಗುಡ್ಡ, ಆಮೇಲೆ ಗುಮ್ಮಟದ ನೆತ್ತಿ, ಮಣ್ಣಿನ ಬಣ್ಣ, ಈಗ ಇಡೀ ಟ್ಯಾಂಕು, ಅಂಗೈಯಷ್ಟು, ನನ್ನ ಮಣೆ ನನ್ನ ಬೋಗುಣಿ, ಅಲ್ಲ, ಎಷ್ಟು ಚೆಂದ ಇದೆ ಮಗನೆ, ಸರಪಳಿ ಮುಚ್ಚುವ ತಗಡು ಇದೆ, ನೀನು ತೋರಿಸಿದ ತಿರುಪುಗಳೂ ಇರಬಹುದು, ನನ್ನ ಕಣ್ಣಿಗೆ ಕಾಣುವುದಿಲ್ಲ. ಕೊಟ್ಟೂರೇಶ್ ಕೀಲಿಮಣೆ ಒತ್ತುತ್ತಾನೆ, ಟ್ಯಾಂಕು ಗುರ್ರೆಂದು ಮುಂದೆ ಹೋಗುತ್ತದೆ, ದೂರದಲ್ಲಿ ಇನ್ನೆರಡು ಕಪ್ಪಗೆ ಓಡಾಡುತ್ತಿವೆ, ಯಾರೋ ಯಾವ ದೇಶದವರೋ, ಇವನ ಕಡೆ ತಿರುಗುತ್ತಿವೆ, ಅವನನ್ನ ಹೊಡೆಸಬ್ಯಾಡಪ್ಪ, ನನ್ನ ಬಾಯಿಂದ ತಾನಾಗಿ ಬಂತು, ಅದನ್ನ ಎಂದು ಅನ್ನಬೇಕಿತ್ತು, ಅವನನ್ನ ಎಂದುಬಿಟ್ಟೆ, ಇಲ್ಲಮ್ಮ, ಹೊಡೆಸಂಗಿಲ್ಲ, ಅವನು ಟ್ಯಾಂಕನ್ನು ಒಂದು ಮುರುಕು ಮನೆಯ ಹಿಂದೆ ತಂದು ನಿಲ್ಲಿಸಿದ, ಕೀಲಿಮಣೆಯಿಂದ ಎರಡೂ ಕೈ ತೆಗೆದ, ಈಗ ನೋಡ್ರಿ. ಸದ್ದು ನಿಂತಿತು, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಗುಮ್ಮಟ ತನ್ನಷ್ಟಕ್ಕೆ ತಾನೇ ಮೆಲ್ಲಗೆ ಎಡಕ್ಕೆ ತಿರುಗಿತು, ನಳಿಗೆ ಮುಂದಿನಿಂದ ಸರಿದು ಸರಿದು ಪಕ್ಕಕ್ಕೆ ಹೋಯಿತು, ಪೂರ್ತಿ ಹೋಯಿತು, ಆಮೇಲೆ ಮುಂದೆ ಬಲಗಡೆ ಎರಡು ಸಣ್ಣ ರೆಕ್ಕೆ, ಕಿಟಕಿಯ ಬಾಗಿಲಿನ ಹಾಗೆ, ಒಂದು ಆ ಕಡೆ, ಒಂದು ಈ ಕಡೆ, ತೆರೆದುಕೊಂಡವು. ಅದೇನಪ್ಪ ಅದು. ಕೊಟ್ಟೂರೇಶ್ ನನ್ನ ಕಡೆ ನೋಡದೆ ಮೇಜಿನ ಧೂಳು ಒರೆಸಿದ, ಕೊಟ್ರೇಶಿ, ಹೇಳು, ಅದೇನು. ಬ್ಯಾರೆ ಯಾವ ಟ್ಯಾಂಕೂ ಹಂಗೆ ಮಾಡಂಗಿಲ್ರಿ ಅಮ್ಮ, ಇದೊಂದಾ, ಆಸಿಮ್ ಹಠ ಹಿಡದು ಮಾಡ್ಸಿದ್ದು, ಓಡಿಸೋನು ಕೈ ಬಿಟ್ಟ ಕೂಡ್ಲೆ ಮೊದ್ಲು ನಳಿಗಿ ಡ್ರೈವರ್ ಬಾಗಿಲ ಮ್ಯಾಲಿಂದ ಸರೀಬೇಕು, ಆಮೇಲೆ ಬಾಗಿಲು ತೆಗೀಬೇಕು ಅಂತ, ಆಟದೋರು ಒಪ್ಲಿಲ್ಲ, ಆಟದಾಗ ಒಳಗ ಮನುಷ್ಯಾರಾ ಇಲ್ಲ, ಯಾರೂ ಹೊರಗ ಬರಂಗಿಲ್ಲ, ಬಾಗಿಲು ಯಾಕ ಬೇಕು ಅಂದ್ರು, ಇವನು ಬಿಡ್ಲಿಲ್ಲ, ಭಾನುವಾರ ಬಂದ್ರ ಅದಾ, ಬಾಗಿಲು ತೆಗೆಯಂಗಿಲ್ಲಂದ್ರ ನನ್ನ ಟ್ಯಾಂಕಾ ಬ್ಯಾಡ ಅಂದುಬಿಟ್ಟ, ಕಡೀಗೆ ಅವರೂ ಸೋತ್ರು. ನಾನೂ ಕೇಳ್ದೆ ಅಮ್ಮ, ಯಾಕಲೇ ಅಷ್ಟು ಹಠ ಅಂತ, ಹೇಳ್ಲಿಲ್ಲ. ಕೊಟ್ಟೂರೇಶ್ ಒರೆಸಿದ ಮೇಜನ್ನೇ ಮತ್ತೆ ಒರೆಸಿದ, ಒಂದಾ ಮಾತು ಅಂದಿದ್ದ, ಟ್ಯಾಂಕ್ ಬಂದ ಕೂಡ್ಲೆ ಅಮ್ಮಿನ್ನ ಕರ್ಕಂಬಂದು ತೋರಿಸ್ತೀನಿ, ಬಾಗಿಲ ವಿಷಯ ಮಾತ್ರ ನೀನು ಬಾಯಿ ಬಿಡಬ್ಯಾಡ, ಆಕಿಗೆ ಗೊತ್ತಿಲ್ಲ, ಗೊತ್ತಾಗಲೂಬಾರದು, ಅಂತ. ಏನು ಗೊತ್ತಾಗಬಾರದು ಅಂತ ನನಗೂ ಗೊತ್ತಿಲ್ರಿ, ನೀವಾ ಕೇಳಿದ್ರಿ, ನಿಮಗ ಸುಳ್ಳು ಹೆಂಗೆ ಹೇಳ್ಲಿ.

ಗೊತ್ತಿತ್ತು, ಅವನಿಗೆ ಗೊತ್ತಿತ್ತು, ಆ ನಲ್ಲಿಯ ಹತ್ತಿರ ಕೈ ತೊಳೆಯುವಾಗಲೇ ಗೊತ್ತಿತ್ತು, ಅಜ್ಜಪ್ಪ ತಾವಾಗಿ ಹೇಳಿದರೋ, ಆ ಅಂಗೈಗಳನ್ನು ಕಂಡು ಇವನೇ ಕೇಳಿದನೋ, ನನ್ನ ಹಾಗೆ ಕಾಲಿಗೆ ಬೀಳುತ್ತೇನೆ ಅಂದನೋ, ಅಬ್ಬಾಗೆ ನೋವಾಗ್ಲಿಲ್ಲ ಅಲ್ಲೇನು ಎಂದು ನನ್ನನ್ನು ಕೇಳಿದ್ದು ತಿಳಿಯಲಿಕ್ಕಲ್ಲ, ನನಗೆ ತಿಳಿದಿದೆಯೋ ಇಲ್ಲವೋ ನೋಡಲಿಕ್ಕೆ, ಇಲ್ಲಪ್ಪ ಅಂದೆ, ಹೌದು ಅಂದ, ಅಮ್ಮಿಗೆ ಗೊತ್ತಿಲ್ಲ ಎಂದು ಅವನಿಗೆ ಸಮಾಧಾನವಾಯಿತು, ಮಗನಿಗೆ ಗೊತ್ತಿಲ್ಲ ಎಂದು ನನಗೆ ಸಮಾಧಾನವಾಯಿತು, ಒಂದೇ ಮನೆಯಲ್ಲಿ, ಒಂದೇ ತಟ್ಟೆಯ ಎರಡು ಕಡೆ ಕೂತು, ರಂಜಾನಿನ ಉಪವಾಸ ಪೂರ್ತಿ, ಈದಿನ ಸುರ್ಕುಂಬಾ ಕುಡಿಯುವಾಗ, ಅವನು ಹಲಗೆಯ ಮೇಲೆ ಕೈ ಊರಿದಾಗ, ನಾನು ಚಹಾ ಹಿಡಿದು ನಿಂತಾಗ, ಇಬ್ಬರೂ ಅದೇ ಒಂದನ್ನೇ ನೋಡುತ್ತಿದ್ದೆವು, ಒಂದು ಸಲ, ಒಂದೇ ಒಂದು ಸಲ ಅವನು ಬಾಯಿ ಬಿಟ್ಟಿದ್ದರೆ, ನಾನು ಬಿಟ್ಟಿದ್ದರೆ, ಅಳುತ್ತಿದ್ದೆವು, ಕೂತು ಅಳುತ್ತಿದ್ದೆವು ಇಬ್ಬರೂ, ಅಷ್ಟಾದರೂ ಆಗುತ್ತಿತ್ತು. ಈಗ ಯಾರ ಹತ್ತಿರ ಹೇಳಲಿ ನನಗೂ ಗೊತ್ತಿತ್ತು ಕಣೋ ಎಂದು, ಆ ಬಾಗಿಲು ನಾನೂ ದಿನಾ ತೆಗೆಯುತ್ತಿದ್ದೆ ಕಣೋ, ಹೊಲಿಗೆ ಯಂತ್ರದ ಮುಂದೆ, ನಮಾಜಿನಲ್ಲಿ ಹಣೆ ನೆಲಕ್ಕಿಟ್ಟಾಗ, ಎಳೆಯುತ್ತಿದ್ದೆ, ನಳಿಗೆ ಸರಿಯುತ್ತಿರಲಿಲ್ಲ, ನೀನು ಸರಿಸಿದೆಯಲ್ಲ, ಯಾವ ದೇಶದವರ ಕಾಲಿಗೋ ಬಿದ್ದು ಸರಿಸಿದೆಯಲ್ಲ, ಯಾರೂ ಇಲ್ಲದ ಟ್ಯಾಂಕಿನಲ್ಲಿ, ಯಾರೂ ಬರದ ಬಾಗಿಲಿಗೆ. ಅಮ್ಮ, ನೀರು ತರ್ಲೇನ್ರಿ, ಬ್ಯಾಡಪ್ಪ, ನನ್ನ ಕೈ ಪರದೆಯ ಹತ್ತಿರ ಹೋಗಿದೆ, ಗಾಜು ಮುಟ್ಟಿದರೆ ಚಿಟಿಚಿಟಿ ಎಂದು ಬೆರಳ ತುದಿ ಕಚ್ಚುತ್ತದೆ, ಬೆಚ್ಚಗಿದೆ, ತೆಗೆಯಲಿಲ್ಲ ಕೈ. ಪೆಟ್ಟಿಗೆ ಟಕ್ಕೆಂದಿತು, ಕೆಂಪು ದೀಪ ಆರಿತು, ಥೂ, ಲೈನ್ ಕಟ್ಟಾತು ಅಮ್ಮ, ಇರ್ರಿ, ಮತ್ತ ಹಚ್ತೀನಿ, ಬ್ಯಾಡ, ಹಂಗೇ ಇರ್ಲಿ ಬಿಡು. ಹಾಗೇ ಇದೆ, ಎಲ್ಲವೂ ನಿಂತುಬಿಟ್ಟಿದೆ, ದೂರದ ಕಪ್ಪು ಟ್ಯಾಂಕುಗಳು ನಿಂತಿವೆ, ಹೊಗೆ ನಿಂತಿದೆ, ನಳಿಗೆ ಪಕ್ಕದಲ್ಲಿ ನಿಂತಿದೆ, ಬಾಗಿಲು ತೆರೆದೇ ಇದೆ, ಒಳಗೆ ಕಪ್ಪು, ಇನ್ನೂ ಒಳಗೆ ಕಪ್ಪು, ಬರ್ರಿ ಹೊರಗೆ, ಈಗ ಬರಬಹುದು, ಮಗ ತೆಗೆದಿದ್ದಾನೆ, ಬರ್ರಿ, ಆ ಕಪ್ಪಿನ ಅಂಚಿನಲ್ಲಿ ಏನೋ, ಏನೂ ಇಲ್ಲ, ಇದೆ, ಬಾಗಿಲಂಚಿನಲ್ಲಿ ನಾಲ್ಕು ಬೆರಳು, ಹಿಡಿದುಕೊಂಡ, ಹಿಡಿದುಕೊಂಡೇ ಇದ್ದ, ನಾಲ್ಕು ಬೆರಳು, ಅವರದೋ ಅವನದೋ, ಬಾಗಿಲಂಚಿನಲ್ಲಿ, ನಾಲ್ಕು ಬೆರಳು —